ತಾಳದ ಹೊರಗೆ ಬಿದ್ದ ಮಾತು

ಮಗಳ ಶಾಲೆಯ ಚಾರ್ಟಿಗೆ ಅಂಟು ಬೇಕಿತ್ತು. ಮನೆಯಲ್ಲಿದ್ದ ಗೋಂದು ಮುಗಿದಿತ್ತು. ನಂಜನಗೂಡಿನ ನಮ್ಮ ಬೀದಿಯ ಅಂಗಡಿಯವನು ಭಾನುವಾರ ಮಧ್ಯಾಹ್ನ ಬಾಗಿಲು ಎಳೆದುಕೊಂಡು ಮಲಗಿದರೆ ಆಯಿತು, ಸಂಜೆಯವರೆಗೆ ಯಾರು ಕೂಗಿದರೂ ಏಳುವುದಿಲ್ಲ. ಹಾಗಾಗಿ ಮೈದಾಹಿಟ್ಟನ್ನು ನೀರಿಗೆ ಕದಡಿ ಒಲೆಯ ಮೇಲಿಟ್ಟೆ. ಗಂಟಾಗದ ಹಾಗೆ ತಿರುವುತ್ತಾ ಇದ್ದಾಗ ಹಸಿವಾಸನೆ ಹೋಗಿ ಬೆಂದ ಹಿಟ್ಟಿನ ವಾಸನೆ ಎದ್ದಿತು. ಸೌಟು ಕೈಯಲ್ಲಿ ಹಿಡಿದುಕೊಂಡೇ ನಾನು ಟಿ. ನರಸೀಪುರದ ಒಂದು ಮನೆಯ ಹಜಾರಕ್ಕೆ ಹೋಗಿ ನಿಂತುಬಿಟ್ಟಿದ್ದೆ. ಅಂಟು ತಳ ಹಿಡಿಯಿತು, ಮಗಳು ಬೈದಳು.

ಆ ಮನೆಯಲ್ಲಿ ಮೈದಾ ಕಾಯಿಸುತ್ತಿದ್ದುದು ಡೋಲಿಗಾಗಿ. ಮದುವೆಯ ವಾಲಗದಲ್ಲಿ ಡೋಲು ಬಾರಿಸುವವರ ಎಡಗೈಯಲ್ಲಿ ಕೋಲಿರುತ್ತದೆ, ಬಲಗೈಯ ಬೆರಳುಗಳಿಗೆ ಗಟ್ಟಿ ಟೋಪಿಗಳಿರುತ್ತವೆ. ಬಟ್ಟೆಯ ಪಟ್ಟಿಯನ್ನು ಅಂಟಿನಲ್ಲಿ ಅದ್ದಿ ಬೆರಳಿಗೆ ಸುತ್ತಿ ಒಣಗಿಸಿದರೆ ಆ ಟೋಪಿ ತಯಾರು. ನಾನು ಅಲ್ಲಿ ಬಾಡಿಗೆಗಿದ್ದ ಮಳೆಗಾಲದಲ್ಲಿ ಮನೆಯೊಡತಿ ಚಿಕ್ಕತಾಯಮ್ಮ ವಾರಕ್ಕೊಂದು ಸಲ ಅಂಟು ಕಾಯಿಸಿ, ಗಂಡ ಮಾದಪ್ಪನವರ ಬಲಗೈಯನ್ನು ತಮ್ಮ ತೊಡೆಯ ಮೇಲಿಟ್ಟುಕೊಂಡು, ಒಂದೊಂದೇ ಬೆರಳಿಗೆ ಪಟ್ಟಿ ಸುತ್ತುತ್ತಿದ್ದರು. ಆ ಕೈ ಆಗ ತಾನಾಗಿ ಏಳುತ್ತಿರಲಿಲ್ಲ. ಬೇಸಿಗೆಯಲ್ಲಿ ಬನ್ನೂರಿನ ಛತ್ರವೊಂದರಲ್ಲಿ ಗಟ್ಟಿಮೇಳ ಮುಗಿಸಿ ಕೂತವರಿಗೆ ಲಕ್ವ ಹೊಡೆದಿತ್ತು. ಬಲಗೈ, ಬಲಗಾಲು, ಜೊತೆಗೆ ಮಾತು, ಮೂರೂ ಹೋಗಿದ್ದವು. ಕಾಲು ಅರ್ಧಂಬರ್ಧ ಬಂದಿತ್ತು. ಬಲಗೈ ಕೊನೆಗೂ ಬರಲಿಲ್ಲ. ಅದನ್ನು ಈಗಲೇ ಹೇಳಿಬಿಡುತ್ತೇನೆ, ಅದಕ್ಕಾಗಿ ನೀವು ಕಾಯುವುದು ಬೇಡ. ಆ ಮಳೆಗಾಲದಲ್ಲಿ ನಾವು ಮೂರು ಜನ ಕಾದದ್ದು ಮಾತಿಗೆ.

ನಾನು ಆ ಮನೆಗೆ ಹೋದದ್ದು ಮಾತ್ರ ಸಿಟ್ಟು ಮಾಡಿಕೊಂಡು. ಮೈಸೂರಿನ ಒಂದು ಸಣ್ಣ ಸ್ಟುಡಿಯೋದಲ್ಲಿ ಪ್ರೋಗ್ರಾಮಿಂಗ್ ಮಾಡುತ್ತಿದ್ದೆ. ಅಂದರೆ ಹಾಡುವವರು ಬರುವ ಮೊದಲೇ ಹಾಡಿನ ತಾಳ, ತಂತಿ, ಗಂಟೆ ಎಲ್ಲವನ್ನೂ ಕಂಪ್ಯೂಟರಿನಲ್ಲಿ ಜೋಡಿಸಿಡುವ ಕೆಲಸ. ಭಕ್ತಿಗೀತೆ ಬರಲಿ, ಜನಪದದ ರೀಮಿಕ್ಸ್ ಬರಲಿ, ಚುನಾವಣೆಯ ಪ್ರಚಾರದ ಹಾಡು ಬರಲಿ, ಎಲ್ಲಕ್ಕೂ ಒಂದೇ ನಾಲ್ಕರ ಎಣಿಕೆ. ಐದೋ ಏಳೋ ಹಾಕಿ ತೋರಿಸಿದರೆ ಯಜಮಾನರು, "ಜನ ಕುಣೀಬೇಕು ಕಣಮ್ಮ, ಲೆಕ್ಕ ಮಾಡ್ಬಾರ್ದು" ಅನ್ನುತ್ತಿದ್ದರು. ಆಷಾಢ ಬಂದು ಮದುವೆಗಳು ನಿಂತವು, ಆರ್ಕೆಸ್ಟ್ರಾಗಳು ನಿಂತವು, ಸ್ಟುಡಿಯೋ ಖಾಲಿಯಾಯಿತು. ನನ್ನದೇ ಒಂದು ತುಣುಕು ಮಾಡಿಯೇ ತೀರುತ್ತೇನೆ ಅಂತ ಲ್ಯಾಪ್‌ಟಾಪು, ಒಂದು ಜೊತೆ ಸ್ಪೀಕರು ಹೊತ್ತುಕೊಂಡು ನರಸೀಪುರಕ್ಕೆ ಬಂದೆ. ಹೊಳೆಯ ಕಡೆಗೆ ಇಳಿಯುವ ಬೀದಿಯಲ್ಲಿ ಮಾದಪ್ಪನವರ ಮನೆಯ ಮಹಡಿಯ ರೂಮು ಬಾಡಿಗೆಗೆ ಸಿಕ್ಕಿತು.

ಎರಡು ನದಿ ಸೇರುವ ಊರು, ನಿಮ್ಮಂಥವರ ಸಂಗೀತಕ್ಕೆ ಹೇಳಿ ಮಾಡಿಸಿದ ಜಾಗ ಅಂತ ಯಾರಾದರೂ ಅಂದರೆ ನನಗೆ ಇವತ್ತಿಗೂ ರೇಗುತ್ತದೆ. ನದಿಗಳು ಒಂದು ಸಲ ಸೇರಿದರೆ ಮುಗಿಯಿತು, ಮತ್ತೆ ಬೇರೆಯಾಗುವುದಿಲ್ಲ. ನಾನು ಮಾಡುತ್ತಿದ್ದ ಕೆಲಸವೇ ಬೇರೆ. ಕಂಪ್ಯೂಟರಿನ ಪರದೆಯ ಮೇಲೆ ಸಾಲಾಗಿ ಮನೆಗಳಿರುತ್ತವೆ, ಒಂದು ಬೆಳಕು ಮನೆಯಿಂದ ಮನೆಗೆ ಓಡುತ್ತದೆ, ನೀವು ಗುರುತು ಹಾಕಿದ ಮನೆಗೆ ಬಂದಾಗ ಸದ್ದು ಮಾಡುತ್ತದೆ. ಸಾಲು ಮುಗಿದರೆ ಮತ್ತೆ ಮೊದಲಿಂದ. ಒಂದು ಸಾಲಿಗೆ ನಾಲ್ಕು ಮನೆ, ಅದರ ಮೇಲಿನ ಸಾಲಿಗೆ ಏಳು ಮನೆ ಕೊಟ್ಟು ಎರಡನ್ನೂ ಒಟ್ಟಿಗೆ ಬಿಟ್ಟರೆ ಒಂದೇ ಸುತ್ತಿನಲ್ಲಿ ಅವುಗಳ ದಾರಿ ಬೇರೆಯಾಗುತ್ತದೆ. ನರಸೀಪುರದ ಸ್ಟ್ಯಾಂಡಿನಲ್ಲಿ ನಂಜನಗೂಡಿನ ಬಸ್ಸೂ ಬನ್ನೂರಿನ ಬಸ್ಸೂ ಬೆಳಿಗ್ಗೆ ಒಟ್ಟಿಗೆ ಹೊರಟು, ಆಮೇಲೆ ತಮ್ಮ ತಮ್ಮ ಹೊತ್ತಿಗೆ ಬಂದು ಹೋಗುತ್ತಾ, ಮತ್ತೆ ಯಾವಾಗಲೋ ಒಂದು ಸಲ ಅಕ್ಕಪಕ್ಕ ನಿಲ್ಲುತ್ತವಲ್ಲ, ಹಾಗೆ. ನಾಲ್ಕೂ ಏಳೂ ಹಾಗೆ ಅಕ್ಕಪಕ್ಕ ನಿಲ್ಲುವುದು ಇಪ್ಪತ್ತೆಂಟಾದ ಮೇಲೆ. ಅಲ್ಲಿಯವರೆಗಿನ ಜಗಳವೇ ನನಗೆ ಇಷ್ಟ.

ಕೆಳಗೆ ಮಾದಪ್ಪನವರ ಬಾಯಲ್ಲಿ ಉಳಿದದ್ದು ಒಂದೇ ಮಾತು, "ಅದೇ". ನೀರು ಬೇಕಾ ಅಂದರೂ ಅದೇ, ಬೇಡವಾ ಅಂದರೂ ಅದೇ. ಬೆನ್ನು ತುರಿಸಿದರೆ ಅದೇ, ಮಳೆ ಬಂದರೆ ಅದೇ. ತಾನು ಹೇಳಬೇಕೆಂದದ್ದು ಬೇರೆ, ಬಂದದ್ದು ಇದು ಅಂತ ಅವರಿಗೆ ಗೊತ್ತಾಗುತ್ತಿತ್ತು. ಕಣ್ಣು ಮುಚ್ಚಿಕೊಂಡು ತಲೆಯನ್ನು ಗೋಡೆಗೆ ಒರಗಿಸುತ್ತಿದ್ದರು. ಹೇಳಲಾಗದ್ದಕ್ಕೆಲ್ಲ ಎಡಗೈಯ ಕೋಲಿನಿಂದ ಮಂಚದ ಕಾಲಿಗೆ ಒಂದೇಟು ಹಾಕುವುದು ಅಭ್ಯಾಸವಾಗಿತ್ತು. ಆ ಕೋಲನ್ನು ನಿದ್ದೆಯಲ್ಲೂ ಬಿಡುತ್ತಿರಲಿಲ್ಲ.

ಒಂದು ಮಧ್ಯಾಹ್ನ ಜೋರು ಮಳೆ. ನಾನು ನಾಲ್ಕರ ಮೇಲೆ ಏಳನ್ನು ಓಡಲು ಬಿಟ್ಟು ಕೂತಿದ್ದೆ. ಕೆಳಗಿನಿಂದ ಆಗಾಗ ಟಕ್ ಅಂತ ಸದ್ದು ಬರುತ್ತಿತ್ತು. ಮೊದಲು ಗಮನಿಸಲಿಲ್ಲ. ಆಮೇಲೆ ನೋಡಿದರೆ ಎರಡು ಸಾಲೂ ಒಟ್ಟಿಗೆ ಮೊದಲ ಮನೆಗೆ ಬಂದಾಗ ಮಾತ್ರ ಆ ಟಕ್. ವಾಲಗದವರಿಗೆ ಎಷ್ಟು ಅಲೆದಾಡಿದರೂ ಕೊನೆಗೆ ಸಮಕ್ಕೆ, ಅಂದರೆ ತಾಳದ ಮೊದಲ ಏಟಿಗೆ, ಬಂದು ಕೂಡುವುದೇ ಸುಖ, ಮಾದಪ್ಪನವರು ಮಲಗಿದಲ್ಲೇ ಅದಕ್ಕೆ ಕಾಯುತ್ತಿದ್ದರು. ನಾನು ಖುಷಿಯಾಗಿ ಒಂದಷ್ಟು ಹೊತ್ತು ಓಡಿಸಿ, ಕಾಫಿ ಕುಡಿಯೋಣ ಅಂತ ನಿಲ್ಲಿಸಿದೆ. ಸುತ್ತಿನ ನಡುವೆ ನಿಲ್ಲಿಸಿಬಿಟ್ಟಿದ್ದೆ. ಕೆಳಗಿನಿಂದ ದನಿಯೊಂದು ಕೇಳಿತು. ಉಳಿದಿದ್ದ ಮಾತ್ರೆಗಳನ್ನು ಯಾರೋ ಬಾಯಲ್ಲಿ ಹೇಳಿ ಮುಗಿಸುತ್ತಿದ್ದರು. "ತಕಿಟ ತಕಧಿಮಿ, ತಕಿಟ ತಕಧಿಮಿ, ತಾ."

ಇಳಿದು ಓಡಿ ಬಂದರೆ ಚಿಕ್ಕತಾಯಮ್ಮ ಅಕ್ಕಿ ಆರಿಸುತ್ತಿದ್ದ ಮೊರ ಹಿಡಿದುಕೊಂಡು ಹಜಾರದ ನಡುವೆ ನಿಂತಿದ್ದರು.

"ಕೇಳುಸ್ತಾ ಮಗ? ಇವ್ರೇ ಕಣವ್ವ ಅಂದುದ್ದು. ಒಂಚೂರೂ ತೊದಲ್ಲಿಲ್ಲ."

ಮಾದಪ್ಪನವರ ಮುಖ ನೋಡಿದೆ. ಅವರಿಗೇ ಆಶ್ಚರ್ಯವಾಗಿತ್ತು. "ಏನಂದ್ರಿ, ಇನ್ನೊಂದ್ಸಲ ಹೇಳಿ" ಅಂದೆ. "ಅದೇ" ಅಂದರು.

ಮೈಸೂರಿನಲ್ಲಿ ಅವರನ್ನು ನೋಡುತ್ತಿದ್ದ ಮಾತಿನ ಡಾಕ್ಟರಮ್ಮನಿಗೆ ಫೋನು ಮಾಡಿದೆವು. ಮಾತು ಇರುವ ಜಾಗಕ್ಕೆ ಪೆಟ್ಟಾದರೂ ಹಾಡು, ತಾಳ ಉಳಿದಿರುವುದುಂಟು, ಅದರ ಕೈ ಹಿಡಿದು ಮಾತನ್ನು ಕರೆದು ತರಬಹುದು ಅಂತ ಅವರು ಹೇಳಿದರು. ಎಡಗೈಯಲ್ಲಿ ತಾಳ ಹಾಕಿಸಿ, ಅದರ ಜೊತೆ ಮನೆಯ ಮಾತುಗಳನ್ನು ಹೇಳಿಸಿ. ಆದರೆ ಬೇಗ ಶುರು ಮಾಡಿ, ಮೊದಲ ತಿಂಗಳುಗಳಲ್ಲಿ ಬಂದಷ್ಟು ಆಮೇಲೆ ಬರುವುದು ಕಷ್ಟ. ಗೌರಿಹಬ್ಬ ಕಳೆದ ಮೇಲೆ ಒಂದು ಸಲ ಕರೆದುಕೊಂಡು ಬನ್ನಿ, ಮುಂದೇನು ಅಂತ ಆಗ ನೋಡೋಣ. ಚಿಕ್ಕತಾಯಮ್ಮ ಫೋನು ಇಟ್ಟು, "ಈ ಮಳೆಗಾಲ ಒಂದೇಯ ನಮ್ಗಿರದು" ಅಂದರು. ನನ್ನ ತುಣುಕನ್ನು ಅವತ್ತೇ ಪಕ್ಕಕ್ಕಿಟ್ಟೆ.

ಸ್ಪೀಕರುಗಳನ್ನು ಕೆಳಕ್ಕೆ ತಂದೆ. ಮಂಚದ ಹತ್ತಿರ ಒಂದು ಸ್ಟೂಲಿನ ಮೇಲೆ ಲ್ಯಾಪ್‌ಟಾಪು. ಕೆಳಗಿನ ಸಾಲಿಗೆ ದಪ್ಪ ದನಿಯ ನಾಲ್ಕು, ಅದಕ್ಕೆ ಸರಿಯಾಗಿ ಮಾದಪ್ಪನವರ ಕೋಲು. ಅದರ ಮೇಲೆ ಮಾತು. ಲೆಕ್ಕ ಹಾಕಿ ನೋಡಿದರೆ ಮನುಷ್ಯನಿಗೆ ಬೇಕಾದ ಮಾತೆಲ್ಲ ನಮ್ಮಲ್ಲಿ ಮೂರು ಮಾತ್ರೆಯವು: ನೀರು, ಊಟ, ಸಾಕು, ಬೇಡ. ನಾನು ಮೂರನ್ನು ನಾಲ್ಕರೊಳಗೆ ಹಿಡಿಸಲು ಪ್ರತಿ ಮಾತಿನ ಕೊನೆಗೆ ಒಂದು ಖಾಲಿ ಮನೆ ಬಿಟ್ಟೆ. ಸೊಗಸಾಗಿ ಕೂತಿತು. ನಾಲ್ಕೇ ದಿನದಲ್ಲಿ ಮಾದಪ್ಪನವರು ಟ್ರ್ಯಾಕಿನ ಜೊತೆ "ನೀರು, ನೀರು" ಅಂತ ಸ್ಪಷ್ಟವಾಗಿ ಹೇಳತೊಡಗಿದರು. ಬೀದಿಯವರು ಬಾಗಿಲಲ್ಲಿ ನಿಂತು ನೋಡಿಹೋದರು. ಟ್ರ್ಯಾಕು ನಿಲ್ಲಿಸಿ ಚೊಂಬು ತೋರಿಸಿದರೆ ಮತ್ತೆ ಅದೇ "ಅದೇ".

"ಬಾಯಾರ್ದಾಗೆಲ್ಲ ಆ ಪೆಟ್ಗೆ ಆಕ್ಬೇಕಾ?" ಅಂದರು ಚಿಕ್ಕತಾಯಮ್ಮ. ಅವರ ಮಾತಿನಲ್ಲಿ ತಮಾಷೆ ಇರಲಿಲ್ಲ.

ಎರಡು ದಿನ ತಲೆ ಕೆಡಿಸಿಕೊಂಡೆ. ಮಾತು ಮೊದಲ ಏಟಿಗೆ ಅಂಟಿಕೊಂಡಿತ್ತು, ಆ ಏಟು ಬಿದ್ದರೆ ಮಾತ್ರ ಬಾಯಿ ತೆರೆಯುತ್ತಿತ್ತು. ಹಾಗಾದರೆ ಅಂಟನ್ನು ಬಿಡಿಸಬೇಕು. ಖಾಲಿ ಮನೆಯನ್ನು ಕಿತ್ತುಹಾಕಿದೆ. ಕೆಳಗೆ ನಾಲ್ಕರ ಸಾಲು ಹಾಗೇ ಇರಲಿ, ಮೇಲೆ ಮಾತಿನ ಸಾಲು ಮೂರೇ ಮನೆಯದಾಗಲಿ. ಈಗ "ನೀರು" ಒಂದು ಸಲ ಮೊದಲ ಏಟಿಗೆ ಶುರುವಾದರೆ ಮುಂದಿನ ಸಲ ನಾಲ್ಕನೆಯದಕ್ಕೆ, ಆಮೇಲೆ ಮೂರಕ್ಕೆ, ಆಮೇಲೆ ಎರಡಕ್ಕೆ. ಕೋಲು ತನ್ನ ದಾರಿಯಲ್ಲಿ ಹೋಗುತ್ತದೆ, ನಾಲಗೆ ತನ್ನ ದಾರಿಯಲ್ಲಿ. ಬೇರೆ ಯಾರಾದರೂ ಆಗಿದ್ದರೆ ಹುಚ್ಚು ಹಿಡಿಯುತ್ತಿತ್ತು. ಮಾದಪ್ಪನವರು ಕೇಳುತ್ತಾ ಕೇಳುತ್ತಾ ಅರ್ಧ ಮುಖದಲ್ಲೇ ನಕ್ಕರು. ಎಡಗೈ ಒಂದು ಎಣಿಕೆ, ಬಲಗೈ ಇನ್ನೊಂದು ಎಣಿಕೆ ಹಿಡಿದು ಜೀವನವೆಲ್ಲ ಬಾರಿಸಿದವರು. ಬಲಗೈಯ ಕೆಲಸ ಈಗ ನಾಲಗೆಗೆ ಬಂದಿತ್ತು ಅಷ್ಟೆ.

ತಾನಾಗಿ ಬಂದ ಮೊದಲ ಮಾತು "ಸಾಕು". ಊಟಕ್ಕೆ ಕೂತಿದ್ದೆವು, ಲ್ಯಾಪ್‌ಟಾಪು ಮುಚ್ಚಿತ್ತು, ಕೋಲು ಪಕ್ಕದಲ್ಲಿತ್ತು. ಚಿಕ್ಕತಾಯಮ್ಮ ಸಾರು ಬಡಿಸುತ್ತಿದ್ದಾಗ ಮಾದಪ್ಪನವರು "ಸಾಕು" ಅಂದರು. ಆ ಸಂತೋಷಕ್ಕೆ ಚಿಕ್ಕತಾಯಮ್ಮ ಇನ್ನೂ ಎರಡು ಸೌಟು ಹಾಕಿದರು. ತಟ್ಟೆ ತುಂಬಿ ಚಾಪೆಗೆ ಹರಿಯಿತು. "ಸಾಕು, ಸಾಕು, ಬೇಡ" ಅಂತ ಅವರು ಬೈದಂತೆಲ್ಲ ನಾವಿಬ್ಬರೂ ನಗುತ್ತಿದ್ದೆವು. ಅಷ್ಟು ಸಂತೋಷ ನನಗೆ ನನ್ನ ಯಾವ ಹಾಡು ಬಿಡುಗಡೆಯಾದಾಗಲೂ ಆಗಿಲ್ಲ.

ಇಷ್ಟಾದ ಮೇಲೆ ಮುಂದಿನ ಮಾತು ಯಾವುದು ಅನ್ನುವುದರಲ್ಲಿ ನನಗೆ ಅನುಮಾನವೇ ಇರಲಿಲ್ಲ. ಮನೆಯ ಮಾತುಗಳನ್ನು ಹೇಳಿಸಿ ಅಂದಿದ್ದರಲ್ಲ ಡಾಕ್ಟರಮ್ಮ. ದಿನವೆಲ್ಲ ಪಕ್ಕದಲ್ಲಿರುವ ಹೆಂಡತಿಯ ಹೆಸರಿಗಿಂತ ಮನೆಯ ಮಾತು ಇನ್ನೇನಿದೆ? ಅದೂ ಎಂಥ ಹೆಸರು. ಚಿಕ್ಕ, ತಾ, ಯಮ್ಮ. ಮೂರು, ಎರಡು, ಮೂರು, ಒಟ್ಟು ಎಂಟು ಮಾತ್ರೆ. ನಾಲ್ಕರ ಎರಡು ಸುತ್ತಿಗೆ ಸರಿಯಾಗಿ ಕೂರುತ್ತದೆ, ಒಳಗೆ ಮಾತ್ರ ತನ್ನದೇ ರೀತಿಯಲ್ಲಿ ಒಡೆದುಕೊಳ್ಳುತ್ತದೆ. ಇಂಥ ಹೆಸರು ಸಿಕ್ಕರೆ ಯಾವ ಪ್ರೋಗ್ರಾಮರ್ ಬಿಟ್ಟಾಳು? ಹೇಳಿದಾಗ ಚಿಕ್ಕತಾಯಮ್ಮ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಾ, "ನನ್ನೆಸ್ರಾ?" ಅಂದರು. ಸುತ್ತಿದ್ದನ್ನು ಬಿಚ್ಚುತ್ತಾ, "ಆಯ್ತು, ಮಾಡು ನೋಡವ" ಅಂದರು.

ಬರಲಿಲ್ಲ. "ಚಿಕ್ಕ" ಅನ್ನುವವರೆಗೆ ಬರುತ್ತಿತ್ತು, ಅಲ್ಲಿಗೆ ದವಡೆ ಕಟ್ಟಿಕೊಳ್ಳುತ್ತಿತ್ತು. ನಿಧಾನ ಮಾಡಿದೆ. ಒಂದು ಖಾಲಿ ಮನೆ ಸೇರಿಸಿ ಒಂಬತ್ತು ಮಾಡಿದೆ. ಒಡೆದು ಎರಡು ಸಾಲು ಮಾಡಿದೆ. ನನ್ನ ದನಿಯಲ್ಲೇ ಹೇಳಿ ರೆಕಾರ್ಡ್ ಮಾಡಿ ಕೇಳಿಸಿದೆ. ದಿನಗಳು ಹೋದವು, ಶ್ರಾವಣ ಬಂತು, ಮೇಲೆ ಅಣೆಕಟ್ಟುಗಳು ತುಂಬುತ್ತಿವೆ ಅಂತ ಸುದ್ದಿ ಬಂತು. ಮಾದಪ್ಪನವರಿಗೆ ಆ ಟ್ರ್ಯಾಕು ಶುರುವಾದರೇ ಬೆವರು ಬರುತ್ತಿತ್ತು. ಇನ್ನೊಂದು ಕಡೆ ಚಿಕ್ಕತಾಯಮ್ಮ ಸಂಜೆ ನಾವು ಕೂರುವ ಹೊತ್ತಿಗೆ ಮುಖ ತೊಳೆದು, ತಲೆ ಬಾಚಿ, ಒಂದು ತುಂಡು ಹೂವು ಮುಡಿದು ಬಾಗಿಲ ಹತ್ತಿರ ಬಂದು ಕೂರತೊಡಗಿದ್ದರು. ನಾನು ಅದನ್ನು ನೋಡಿದೆ, ಶ್ರಾವಣ ಅಂತ ಅಂದುಕೊಂಡೆ.

ಒಂದು ಸಂಜೆ ಮಾದಪ್ಪನವರು ಕೋಲನ್ನು ಎಸೆದರು. ಅದು ಲ್ಯಾಪ್‌ಟಾಪಿಗೆ ತಗಲದೆ ಗೋಡೆಗೆ ಬಡಿದು ಬಿತ್ತು. "ಬೇಡ" ಅಂದರು. ಮೂರು ಮಾತ್ರೆ, ಅಚ್ಚುಕಟ್ಟಾಗಿ. ಆಮೇಲೆ ಗೋಡೆಯ ಕಡೆ ತಿರುಗಿ ಮಲಗಿದರು. ಮಾರನೆಯ ದಿನವೂ ಕೂರಲು ಒಪ್ಪಲಿಲ್ಲ, ಅದರ ಮಾರನೆಯ ದಿನವೂ ಇಲ್ಲ. ಎಲ್ಲ ಹಾಳು ಮಾಡಿಬಿಟ್ಟೆನೇ ಅಂತ ನನಗೆ ನಿಜಕ್ಕೂ ಹೆದರಿಕೆಯಾಯಿತು. ಬಂದಿದ್ದ ಮಾತುಗಳನ್ನೂ ಅವರು ನಿಲ್ಲಿಸಿದ್ದರು. ಮತ್ತೆ "ಅದೇ" ಶುರುವಾಗಿತ್ತು.

ಹಿತ್ತಲಲ್ಲಿ ಚಿಕ್ಕತಾಯಮ್ಮ ಪಾತ್ರೆ ತೊಳೆಯುತ್ತಿದ್ದಾಗ ಹೋಗಿ ಪಕ್ಕದಲ್ಲಿ ಕೂತೆ. ಸುಮ್ಮನೆ ಕೇಳಿದೆ, "ಅಮ್ಮ, ಮುಂಚೆ ಅವರು ನಿಮ್ಮನ್ನ ಕರೆಯುವಾಗ ಪೂರ್ತಿ ಹೆಸರು ಹೇಳ್ತಿದ್ರಾ, ಇಲ್ಲಾ ತಾಯಮ್ಮ ಅಂತ ಮಾತ್ರಾನಾ?"

ಅವರು ಪಾತ್ರೆ ತಿಕ್ಕುವುದನ್ನು ನಿಲ್ಲಿಸಲಿಲ್ಲ. "ಎಸ್ರಿಡ್ದು ಎಲ್ಲವ್ವ ಕರುದ್ರು ಅವ್ರು? ಮದ್ವೆ ಆದಾಗ್ಲಿಂದ ಒಂದಿನಾನೂ ಕರ್ದಿಲ್ಲ. ನಮ್ಮೋರಲ್ಲಿ ಎಂಡ್ತಿ ಎಸ್ರು ಕೂಗ್ತಾರಾ?"

ಅಷ್ಟು ದಿನ, ಅಷ್ಟು ಸಾಲು, ಅಷ್ಟು ಲೆಕ್ಕ. ಆ ಮನುಷ್ಯನ ಬಾಯಿಗೆ ಯಾವತ್ತೂ ಬರದೇ ಇದ್ದ ಮಾತನ್ನು ನಾನು ಮರಳಿ ತರಲು ಹೊರಟಿದ್ದೆ.

"ಗೊತ್ತಿದ್ದೂ ಯಾಕಮ್ಮ ಹೇಳ್ಲಿಲ್ಲ?"

ಈಗ ಕೈ ನಿಂತಿತು. "ಒಂದ್ಸಲನಾದ್ರೂವೆ ಕೇಳವ ಅನ್ನುಸ್ತು ಕಣವ್ವ. ನಮ್ಮವ್ವ ತೀರೋದ್ಮೇಲೆ ಆ ಎಸ್ರಲ್ಲಿ ನನ್ನ ಕರಿಯೋರೇ ಇಲ್ಲ. ಬೀದಿಯೋರ್ಗೆ ನಾನು ಡೋಲಿನ ಮಾದಪ್ಪನ ಎಂಡ್ರು. ನಿಂಗೆ ಅಮ್ಮ. ನೀನು ಆ ಪೆಟ್ಗೇಲಿ ನನ್ನೆಸ್ರ ಕುಣುಸ್ದಲ್ಲ, ಆಸೆ ಆಗೋಯ್ತು."

ನನಗೆ ಸಿಟ್ಟೂ ಬಂತು, ಅಳುವೂ ಬಂತು. ಪಾತ್ರೆಗಳಿಗೆ ನೀರು ಹುಯ್ದೆ. ಚಿಕ್ಕತಾಯಮ್ಮ ತಾವೇ ಮಾತು ಮುಗಿಸಿದರು. "ಬುಡು ಅದ. ನನ್ನೆಸ್ರು ತಕ್ಕಂಡು ಅವ್ರೇನ್ ಮಾಡಾರು. ಕರುದ್ರೆ ಸಾಕು."

"ಹಾಗಾದ್ರೆ ಏನಂತ ಕರೀತಿದ್ರು?"

"ಇನ್ನೇನಂತಾರೆ. ವಾಲಗ ಮುಗುಸ್ಕಂಡು ಬಂದು ಡೋಲ ಇಳ್ಸಿ, ಎಲ್ಲೋದಮ್ಮಿ ಅನ್ನೋರು. ನಾನು ಒಲೆ ಮುಂದೆ ಕಣ್ಣೆದುರ್ಗೇ ಕೂತಿದ್ರೂ ಎಲ್ಲೋದಮ್ಮಿ. ಕೇಳಿ ಕೇಳಿ ಸಾಕಾಗಿತ್ತು."

ಎಲ್, ಲೋ, ದಮ್, ಮಿ. ಎರಡು, ಎರಡು, ಎರಡು, ಒಂದು. ಏಳು ಮಾತ್ರೆ. ನಾಲ್ಕಕ್ಕೂ ಕೂರುವುದಿಲ್ಲ, ಎಂಟಕ್ಕೂ ಕೂರುವುದಿಲ್ಲ, ಕೊನೆಯಲ್ಲಿ ಒಂದು ಮಾತ್ರೆ ಕಡಿಮೆ. ನಾನು ಬದಲಾಯಿಸಲು ಹೋಗಲಿಲ್ಲ. ನಾಲ್ಕರ ಸಾಲಿನ ಮೇಲೆ ಏಳರ ಸಾಲನ್ನು ಇದ್ದ ಹಾಗೇ ಬಿಟ್ಟೆ, ಮೊದಲ ದಿನ ಅವರು ಮಂಚದ ಕಾಲಿಗೆ ಕೋಲು ಬಡಿದಿದ್ದರಲ್ಲ, ಆ ಜಗಳವೇ ಅದು. ಟ್ರ್ಯಾಕು ಹಾಕಿದಾಗ ಮಾದಪ್ಪನವರು ಗೋಡೆಯ ಕಡೆಯಿಂದ ತಿರುಗಿದರು. ಹೆಂಡತಿಯನ್ನು ನೋಡಿದರು, ನನ್ನನ್ನು ನೋಡಿದರು. ಯಾವುದೋ ಗುಟ್ಟು ಹೊರಗೆ ಬಿದ್ದ ಹಾಗೆ ನಾಚಿಕೊಂಡರು. ಬಿದ್ದಿದ್ದ ಕೋಲನ್ನು ಕೊಡು ಅಂತ ಕೈ ಚಾಚಿದರು. ಮಾತು ಅವತ್ತೂ ಬರಲಿಲ್ಲ, ತುಟಿ ಆಡಿತು.

ಮರುದಿನದಿಂದ ಹೊಳೆ ಏರತೊಡಗಿತು. ಕಬಿನಿಯಿಂದಲೂ ಕಾವೇರಿಯ ಕಡೆಯಿಂದಲೂ ನೀರು ಬಿಟ್ಟಿದ್ದರು. ಸ್ನಾನದ ಮೆಟ್ಟಿಲುಗಳು ಒಂದೊಂದೇ ಮುಳುಗಿದವು, ಕಂಬಗಳು ವಾಲಿ ಕರೆಂಟು ಹೋಯಿತು. ಲ್ಯಾಪ್‌ಟಾಪು ಸಂಜೆಯವರೆಗೆ ಉಸಿರಾಡಿ ಕಪ್ಪಾಯಿತು. ಕರೆಂಟು ಮಾರನೆಯ ದಿನವೂ ಬರಲಿಲ್ಲ. ಗೌರಿಹಬ್ಬ ಹತ್ತಿರವಿತ್ತು, ಡಾಕ್ಟರಮ್ಮನ ಹತ್ತಿರ ಹೋಗುವ ದಿನವೂ ಹತ್ತಿರವಿತ್ತು. ನಾನು ರೂಮಿನಲ್ಲಿ ಕೂರಲಾರದೆ ಮಹಡಿಯ ಮೆಟ್ಟಿಲಿನ ಮೇಲೆ ಕೂತು ಎಲ್ಲರನ್ನೂ ಮನಸ್ಸಿನಲ್ಲೇ ಬೈಯುತ್ತಿದ್ದೆ.

ಆ ಮಧ್ಯಾಹ್ನ ಊರೆಲ್ಲ ಹೊಳೆಯ ಕಡೆಗೆ ಹೋಗಿತ್ತು. "ನೀರ್ ನೋಡ್ಕಂಡು ಬತ್ತೀನಿ ಮಗ, ಅವ್ರು ಮಲ್ಗವ್ರೆ" ಅಂತ ಹೇಳಿ ಚಿಕ್ಕತಾಯಮ್ಮನೂ ಛತ್ರಿ ಹಿಡಿದು ಹೋದರು. ಸ್ವಲ್ಪ ಹೊತ್ತಿಗೆ ಒಳಗಿನಿಂದ ಕೋಲಿನ ಸದ್ದು ಬಂತು. ಟ್ರ್ಯಾಕಿಲ್ಲದೆ, ಸ್ಪೀಕರಿಲ್ಲದೆ ಮಾದಪ್ಪನವರು ಮಂಚದ ಕಾಲಿಗೆ ತಾವೇ ನಾಲ್ಕು ಹಾಕುತ್ತಿದ್ದರು. ನಿಧಾನ, ಒಂದೇ ಸಮ.

ಚಿಕ್ಕತಾಯಮ್ಮ ವಾಪಸು ಬಂದರು. ಜಗಲಿಯಲ್ಲಿ ನಿಂತು ಛತ್ರಿ ಮಡಿಸಿದರು. ಒಂದು ಕಾಲು ಹೊಸಿಲ ಹತ್ತಿರವಿತ್ತು, ಅಷ್ಟರಲ್ಲಿ ಒಳಗಿನಿಂದ ಮಾದಪ್ಪನವರ ದನಿ ಬಂತು.

"ಎಲ್ಲೋದಮ್ಮಿ."

ಮಾತು ಮೊದಲ ಏಟಿಗೆ ಬೀಳಲಿಲ್ಲ, ಮೂರನೆಯದಕ್ಕೂ ಬೀಳಲಿಲ್ಲ. ಎರಡು ಏಟಿನ ನಡುವೆ ಎಲ್ಲೋ, ನನ್ನ ಪರದೆಯ ಯಾವ ಮನೆಗೂ ಸೇರದ ಜಾಗದಲ್ಲಿ ಬಿತ್ತು. ಕೋಲು ತನ್ನ ಪಾಡಿಗೆ ನಾಲ್ಕು ಹಾಕುತ್ತಲೇ ಇತ್ತು. ಇದೇ ಕೆಲಸ ಮಾಡಿ ಬದುಕುವವಳು ನಾನು, ಯಾವ ಸದ್ದು ಎಲ್ಲಿ ಬಿತ್ತು ಅನ್ನುವುದು ನನಗೆ ತಪ್ಪುವುದಿಲ್ಲ. ಇದು ತಾಳ ಹಿಡಿದು ಒಪ್ಪಿಸಿದ ಪಾಠ ಆಗಿರಲಿಲ್ಲ. ಎದ್ದ ಮನುಷ್ಯ ಹೆಂಡತಿ ಕಾಣಲಿಲ್ಲ ಅಂತ ಕರೆದದ್ದು.

ನಾನು ಕೂಗಲು ಬಾಯಿ ತೆರೆದೆ. ಚಿಕ್ಕತಾಯಮ್ಮ ನನ್ನ ಕಡೆ ನೋಡದೆಯೇ ಕೈ ಎತ್ತಿ ಸುಮ್ಮನಿರು ಅಂದರು. ತಾವೂ ಉತ್ತರ ಕೊಡಲಿಲ್ಲ. ಹೊಸಿಲ ಹೊರಗೆ, ಒದ್ದೆ ಛತ್ರಿಯನ್ನು ಎದೆಗೆ ಹಿಡಿದುಕೊಂಡು, ಉಸಿರು ಬಿಗಿಹಿಡಿದು ನಿಂತರು. ಸೀರೆಯ ನೆರಿಗೆಗೆ ನೀರು ಇಳಿಯುತ್ತಿತ್ತು. ಒಳಗೆ ಕೋಲು ಒಂದಷ್ಟು ಸುತ್ತು ಹೋಯಿತು, ಆಮೇಲೆ ನಿಂತಿತು.

"ಎಲ್ಲೋದಮ್ಮಿ?" ಈ ಸಲ ದನಿ ಜೋರಾಗಿತ್ತು, ಸ್ವಲ್ಪ ರೇಗಿತ್ತು.

ಚಿಕ್ಕತಾಯಮ್ಮ ಸೆರಗಿನಿಂದ ಮುಖ ಒರೆಸಿಕೊಂಡರು.

"ಇಲ್ಲೇ ಇವ್ನಿ," ಅಂದರು. "ಎಲ್ಗೋಗ್ಲಿ ನಾನು."